ಆಚೆ ದಡದ ಮರಿ

ಕೊಟ್ಟೂರಿನ ಬ್ಯಾಟರಿ ಅಂಗಡಿ ಅರುಣಕುಮಾರನ ಹೆಂಡತಿ ಹೊನ್ನೂರಮ್ಮನಿಗೆ ಹಾವಿನ ಭಯವಿರಲಿಲ್ಲ, ಚೇಳಿನ ಭಯವಿರಲಿಲ್ಲ, ಅತ್ತೆಯ ಭಯವಂತೂ ಮದುವೆಯಾದ ವರ್ಷವೇ ಬಿಟ್ಟುಹೋಗಿತ್ತು. ಅವಳಿಗಿದ್ದದ್ದು ಒಂದೇ ಭಯ, ನೀರಿನದು. ಕೊಡದ ನೀರಿಗೆ, ಬಕೆಟ್ಟಿನ ನೀರಿಗೆ ಯಾರು ಹೆದರುತ್ತಾರೆ! ತಳ ಕಾಣದ ನೀರಿಗೆ ಹೆದರುತ್ತಿದ್ದಳು. ಬಸ್ಸು ಸೇತುವೆ ಹತ್ತಿತೆಂದರೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು ಕೂರುತ್ತಿದ್ದಳು. ಪಕ್ಕದವರು ಈಕೆಗೆ ವಾಂತಿ ಬಂತೆಂದು ಕಿಟಕಿ ಬಿಟ್ಟುಕೊಟ್ಟು ಎದ್ದುಹೋಗುತ್ತಿದ್ದರು. ಆ ಭಯದಿಂದ ಆಕೆಗಾದ ಲಾಭ ಅದೊಂದೇ.

ಭಯ ಸುಮ್ಮನೆ ಹುಟ್ಟಿದ್ದಲ್ಲ. ಆಕೆಯ ತವರು ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ, ತುಂಗಭದ್ರೆಯ ಹಿನ್ನೀರಿನ ದಂಡೆಗಿರುವ ಒಂದು ಹಳ್ಳಿ. ಅಪ್ಪ ಮೈಲಾರಪ್ಪ ಕುರಿ ಕಾಯುವವನು, ಅವನಪ್ಪನೂ ಕುರಿ ಕಾಯ್ದವನೇ. ಆಕೆ ಒಂಬತ್ತು ವರ್ಷದವಳಿದ್ದಾಗ ತಮ್ಮ ಬೀರೇಶ ಅದೇ ಹಿನ್ನೀರಿನಲ್ಲಿ ಮುಳುಗಿದ. ಎಮ್ಮೆಯ ಬಾಲ ಹಿಡಿದು ಆಡುತ್ತ ಹೋದವನು ಬಾಲ ಬಿಟ್ಟ, ಅಷ್ಟೇ. ಹೊನ್ನೂರಮ್ಮ ಬಟ್ಟೆ ಒಗೆಯುವ ಹೆಂಗಸರ ನಡುವೆ ನಿಂತು ನೋಡಿದ್ದಳು. ಅವನು ಹೋದ ಗಳಿಗೆಗಿಂತ ಅದರ ಮರುಗಳಿಗೆಯೇ ಆಕೆಗೆ ಹೆಚ್ಚು ನೆನಪಿದೆ. ಅವನ ತಲೆಯಿದ್ದ ಜಾಗದಲ್ಲಿ ನೀರು ಏನೂ ನಡೆದಿಲ್ಲವೆಂಬಂತೆ ಮುಚ್ಚಿಕೊಂಡು, ಬಿಸಿಲಿಗೆ ಹೊಳೆಯುತ್ತಿತ್ತು.

ಇಂಥವಳು ಹೋಗಿ ಹೋಗಿ ಮದುವೆಯಾದದ್ದು ನೀರಿನಲ್ಲಿ ಮುಳುಗಿಸುವವರ ಮನೆಯ ಹುಡುಗನನ್ನು. ಅರುಣಕುಮಾರನದು ಅಜ್ಜನ ಕಾಲದಿಂದ ಕ್ರೈಸ್ತರ ಮನೆ. ಇಬ್ಬರೂ ಮೆಚ್ಚಿ ಮದುವೆಯಾದಾಗ ಎರಡೂ ಕಡೆಯವರು ಮುಖ ಊದಿಸಿಕೊಂಡಿದ್ದರು. ಮಗಳು ಕೃಪಾ ಹುಟ್ಟಿದ ಮೇಲೆ ಊದಿದ ಮುಖಗಳು ತಾವಾಗಿಯೇ ಇಳಿದವು. ಭಾನುವಾರ ಗಂಡನ ಜೊತೆ ತಗಡಿನ ಚಾವಣಿಯಡಿ ಕೂಡುವ ಪ್ರಾರ್ಥನೆಯ ಸಭೆಗೆ ಹೋಗುವುದನ್ನು ಆಕೆಗೆ ಯಾರೂ ಹೇಳಿ ಮಾಡಿಸಿದ್ದಲ್ಲ. ಹಾಡು ಹಿಡಿಸಿತು, ಮಂದಿ ಹಿಡಿಸಿದರು. ಒಂದು ದಿನ ಪ್ರಾರ್ಥನೆಯ ನಡುವೆ ತಮ್ಮನ ಹೆಸರು ಹಿಡಿದು ಬಿಕ್ಕಿ ಬಿಕ್ಕಿ ಅತ್ತಾಗ, ಸಾಕು ಮಾಡು ಎಂದು ಯಾರೂ ಅನ್ನಲಿಲ್ಲ. ಅದು ಎಲ್ಲಕ್ಕಿಂತ ಹಿಡಿಸಿತು.

ಆದರೆ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಆಗಿರಲಿಲ್ಲ. ಆ ಸಭೆಯ ಪದ್ಧತಿಯಲ್ಲಿ ತಲೆಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಲದು. ಹಡಗಲಿ ಕಡೆಯ ಹೊಳೆಗೆ ಟೆಂಪೊದಲ್ಲಿ ಕರೆದೊಯ್ದು, ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಪೂರ್ತಿ ಮುಳುಗಿಸಿ ಎಬ್ಬಿಸಬೇಕು. ಒಂದು ವರ್ಷ ಟೆಂಪೊ ಹೊರಡುವ ಹೊತ್ತಿಗೆ ಸರಿಯಾಗಿ ಆಕೆಗೆ ಜ್ವರ ಬಂತು. ಮರುವರ್ಷ ಹಾಳು ಜ್ವರ ಬರಲಿಲ್ಲ, ಹೀಗಾಗಿ ಇಲ್ಲದ ಚಿಕ್ಕಮ್ಮನೊಬ್ಬಳನ್ನು ಸಾಯಿಸಬೇಕಾಯಿತು. ತವರಿನವರು ಇದನ್ನು ಕೇಳಿ, ನಮ್ಮ ಹುಡುಗಿ ಮನೆದೇವರು ಮೈಲಾರಲಿಂಗನನ್ನು ಬಿಟ್ಟಿಲ್ಲ ಎಂದು ಎದೆಯುಬ್ಬಿಸಿದರು. ಸಭೆಯವರು, ಪಾಪ, ವಿಶ್ವಾಸ ಇನ್ನೂ ಗಟ್ಟಿಯಾಗಿಲ್ಲ ಎಂದು ಆಕೆಗಾಗಿ ಪ್ರಾರ್ಥಿಸಿದರು. ಕುರಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ? ಆಕೆಗೆ ಏನಾಗಿದೆ ಎಂದು ಆಕೆಯನ್ನೇ ಯಾರೂ ಕೇಳಲಿಲ್ಲ.

ಕೇಳಿದ್ದರೆ ನೀರಿನ ಜೊತೆಗೆ ಇನ್ನೊಂದನ್ನೂ ಹೇಳುತ್ತಿದ್ದಳೇನೋ. ಸಭೆಯಲ್ಲಿ ಯೇಸುವಿಗೆ ಬಹಳ ಹೆಸರು. ಅದರಲ್ಲಿ ಒಂದು, ದೇವರ ಕುರಿಮರಿ. ಪಾಸ್ಟರ್ ಆನಂದರಾಜ್ ಎರಡೂ ಕೈ ಮೇಲೆತ್ತಿ ಆ ಹೆಸರು ಕೂಗಿದಾಗ ಉಳಿದವರ ಕಣ್ಣು ತುಂಬುತ್ತಿದ್ದವು, ಹೊನ್ನೂರಮ್ಮನ ಕತ್ತಿನ ಹಿಂಭಾಗ ತಣ್ಣಗಾಗುತ್ತಿತ್ತು. ಯಾಕೆಂದರೆ ದೇವರ ಕುರಿಮರಿ ಎಂದರೇನೆಂದು ಆ ಸಭೆಯಲ್ಲಿ ಆಕೆಯೊಬ್ಬಳೇ ಕಣ್ಣಾರೆ ಕಂಡವಳು. ಚಿಕ್ಕವಳಿದ್ದಾಗ ಆಕೆ ಕೈಯಾರೆ ಹಾಲು ಕುಡಿಸಿ ಸಾಕಿದ ಮರಿಯನ್ನು ಊರಮ್ಮನಿಗೆಂದು ಬಿಟ್ಟಿದ್ದರು. ಅಂದಿನಿಂದ ಅದು ದೇವರ ಮರಿ. ಹರಕೆಯ ದಿನ ಅದರ ಕೊರಳಿಗೆ ಬೇವಿನ ಸೊಪ್ಪು ಕಟ್ಟಿ, ಬೆನ್ನ ಮೇಲೆ ಒಂದು ಕೊಡ ತಣ್ಣೀರು ಸುರಿದು, ಎಲ್ಲರೂ ಸುತ್ತ ನಿಂತರು. ಮರಿ ಮೈ ಝಾಡಿಸಿದರೆ ತಾಯಿ ಒಪ್ಪಿದಳೆಂದು ಅರ್ಥ, ಝಾಡಿಸುವ ತನಕ ಕತ್ತಿ ಎತ್ತುವಂತಿಲ್ಲ. ಮರಿ ಬಹಳ ಹೊತ್ತು ಅಲುಗದೆ ನಿಂತಿತು. ಬ್ಯಾಡ, ಝಾಡಿಸಬ್ಯಾಡ ಎಂದು ಆಕೆ ಮನಸ್ಸಿನಲ್ಲೇ ಬೇಡಿಕೊಂಡಳು. ಇನ್ನೊಂದು ಕೊಡ ಸುರಿದರು. ಮೂಗಿನಿಂದ ಬಾಲದ ತನಕ ಅದು ಒಮ್ಮೆ ಝಾಡಿಸಿತು. ಕತ್ತಿ ಬಿದ್ದದ್ದು ಆಕೆಗೆ ನೆನಪಿಲ್ಲ, ಝಾಡಿಸಿದ್ದು ಮಾತ್ರ ಈಗಲೂ ಕನಸಿಗೆ ಬರುತ್ತದೆ.

"ಆ ಹೆಸರು ಯಾಕ್ರಿ? ಸಿಂಹ ಅಂತಾರ, ರಾಜ ಅಂತಾರ, ಅವೆಲ್ಲ ಚೊಲೊ ಅದಾವ. ಮರಿ ಯಾಕ?" ಎಂದು ಒಮ್ಮೆ ಗಂಡನನ್ನು ಕೇಳಿದ್ದಳು.

"ನಮ್ಮ ಬದ್ಲಿ ಬಲಿ ಆದ್ನಲ್ಲ, ಅದಕ್ಕ," ಎಂದ ಅರುಣಕುಮಾರ, ಬ್ಯಾಟರಿಗೆ ನೀರು ಹಾಕುತ್ತ. ಅವನು ಸಮಾಧಾನಕ್ಕೆಂದೇ ಹೇಳಿದ್ದು. ಆಕೆಗೆ ಊರಮ್ಮನ ಮರಿ ನೆನಪಾಯಿತು. ಮೊದಲು ನೀರು, ಆಮೇಲೆ ಕತ್ತಿ. ಹೊಳೆಯಲ್ಲಿ ಮುಳುಗಿಸುವುದನ್ನು ನೆನೆದಾಗಲೆಲ್ಲ ಆ ಕೊಡ ಕಣ್ಣ ಮುಂದೆ ಬರುತ್ತಿತ್ತು. ಪಾಸ್ಟರು ಇನ್ನಷ್ಟು ಬಿಡಿಸಿ ಹೇಳಿದ್ದರು: "ನೋಡಮ್ಮ, ಮುಳುಗಾದು ಅಂದ್ರ ಸಾಯಾದು. ಏಳಾದು ಅಂದ್ರ ಬದುಕಾದು." ಪುಣ್ಯಾತ್ಮರು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಆಕೆಗೆ ಕೇಳಿಸಿದ್ದು ಮೊದಲನೆಯದಷ್ಟೇ.

ಈ ಆಷಾಢದಲ್ಲಿ ಪಾಸ್ಟರು ಮತ್ತೆ ದಿನ ಇಟ್ಟರು, ಬರುವ ಭಾನುವಾರ. ಆಕೆ ಈ ಸಲ ಹೂಂ ಎಂದಿದ್ದಳು. ಆರು ವರ್ಷದ ಕೃಪಾ ಎಲ್ಲರ ಮುಂದೆ, "ನಮ್ಮ ಮಮ್ಮಿಗೆ ಅಂಜಿಕಿ" ಎಂದುಬಿಟ್ಟದ್ದೇ ಕಾರಣ. ಮಗಳ ಬಾಯಿ ಮುಚ್ಚಿಸಲು ಹೂಂ ಎಂದವಳಿಗೆ ಅಂದಿನಿಂದ ನಿದ್ದೆಯಿಲ್ಲ. ಅದರ ಮೇಲೆ ಗಂಡ, "ನಿಮ್ಮಪ್ಪಗ ಒಂದು ಮಾತು ಹೇಳಿ ಬಾ. ಆಮ್ಯಾಲ ಮಂದಿ ಬಾಯಿಂದ ಗೊತ್ತಾದ್ರ ನೊಂದ್ಕಂತಾರ" ಎಂದ. ಮುಳುಗುವ ಭಯದ ಜೊತೆ ಅಪ್ಪನಿಗೆ ಹೇಳುವ ಭಯವೂ ಸೇರಿತು. ಗುರುವಾರ ಕೃಪಾಳನ್ನು ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದಳು.

ಊರಿಗೆ ಮುಟ್ಟಿದಾಗ ಅಪ್ಪ ಮನೆಯಲ್ಲಿರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಬಯಲಾದ ನೆಲದಲ್ಲಿ ಹುಲ್ಲು ಹುಟ್ಟುತ್ತದೆ, ಕುರಿಯವರು ಅಲ್ಲಿಗೆ ಹಿಂಡು ಹೊಡೆಯುತ್ತಾರೆ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದು ಹೊಳೆ ಬಂದಾಗ ಜಾಗ ಖಾಲಿ ಮಾಡುತ್ತಾರೆ. ಮೈಲಾರಪ್ಪ ಇನ್ನೂ ಖಾಲಿ ಮಾಡಿರಲಿಲ್ಲ. ಅವ್ವ ಭರಮಮ್ಮ ಬುತ್ತಿ ಗಂಟು ಕೈಗಿಟ್ಟು, "ಜಾಲಿ ದಿಬ್ಬದ ಮ್ಯಾಲ ಅದಾನ. ಎಷ್ಟು ಹೇಳಿದ್ರೂ, ಇನ್ನೊಂದು ದಿನ ಮೇಯ್ಲಿ ಅಂತಾನ. ನೀರಿನ್ನಾ ದೂರ ಐತಿ, ಅಂಜಬ್ಯಾಡ, ಹೋಗು," ಎಂದಳು.

ದಡಕ್ಕೂ ದಿಬ್ಬಕ್ಕೂ ನಡುವೆ ಒಂದು ತಗ್ಗು. ಒಂದು ಹೊಲ ದಾಟುವಷ್ಟು ಅಗಲ. ಅದರ ನಡುವೆ ಪಾದ ಮುಳುಗುವಷ್ಟು ಕೆಸರಿತ್ತು. ಹೊನ್ನೂರಮ್ಮ ಸೀರೆ ಎತ್ತಿ ಕಟ್ಟಿ, ಕೃಪಾಳನ್ನು ಕಂಕುಳಲ್ಲಿ ಒತ್ತಿಕೊಂಡು, ಉಸಿರು ಬಿಗಿಹಿಡಿದೇ ದಾಟಿದಳು.

ಮೈಲಾರಪ್ಪ ಮಗಳನ್ನು ಕಂಡು ಹಿಗ್ಗಿದ. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಆಕೆ ಹುಟ್ಟಿದಾಗಿನಿಂದ ಅವನನ್ನು ಹೀಗೇ ನೋಡಿದ್ದಾಳೆ, ಬರಿತಲೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಜಾಲಿಯ ನೆರಳಿನಲ್ಲಿ ಕೂತು ಅವನು ರೊಟ್ಟಿ, ಪುಂಡಿಪಲ್ಯ ತಿಂದ. ಕೃಪಾ, ಕೊರಳಿಗೆ ಗಂಟೆಯಿದ್ದ ಮುಂದಾಳು ಕುರಿಯ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಅದಕ್ಕೆ ಇಂಗ್ಲಿಷಿನಲ್ಲಿ ಪದ್ಯ ಹೇಳಿಕೊಡುತ್ತಿದ್ದಳು. ಹೊನ್ನೂರಮ್ಮ ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾತಾಡಿದಳು. ಮಳೆ ವಿಚಾರ ಕೇಳಿದಳು, ಅವ್ವನ ಮೊಣಕಾಲಿನ ವಿಚಾರ ಕೇಳಿದಳು, ಕೊನೆಗೆ ಕೇಳಲು ಏನೂ ಉಳಿಯಲಿಲ್ಲ.

"ಏನೋ ಹೇಳಾಕ ಬಂದೀ ನೀನು," ಎಂದ ಮೈಲಾರಪ್ಪ, ಕೈ ತೊಳೆಯುತ್ತ.

"ಹೂಂ ಯಪ್ಪಾ, ಐತ್ವಾರ..." ಎಂದು ಶುರುಮಾಡಿದಳು.

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಚೊಂಬು ಕೈಯಲ್ಲೇ ಹಿಡಿದು ತಗ್ಗಿನ ಕಡೆ ನೋಡುತ್ತಿದ್ದ. ಆಕೆಯೂ ತಿರುಗಿ ನೋಡಿದಳು. ಕೆಸರಿದ್ದ ಜಾಗ ಹೊಳೆಯುತ್ತಿತ್ತು.

ಹೊಳೆಯ ಪ್ರವಾಹವಾದರೆ ಸದ್ದು ಮಾಡಿಕೊಂಡು ಬರುತ್ತದೆ, ಓಡಲು ಒಂದು ಎಚ್ಚರಿಕೆ ಕೊಡುತ್ತದೆ. ಹಿನ್ನೀರಿಗೆ ಆ ಮರ್ಯಾದೆಯಿಲ್ಲ. ಸದ್ದಿಲ್ಲ, ಅಲೆಯಿಲ್ಲ, ಕಳ್ಳ ಅಡುಗೆಮನೆಗೆ ಬಂದ ಹಾಗೆ ಹಿಂದಿನಿಂದ ಬಂದು ತಗ್ಗು ತುಂಬುತ್ತದೆ. ಇವರು ರೊಟ್ಟಿ ತಿನ್ನುವಷ್ಟರಲ್ಲಿ ಅದು ದಡದಿಂದ ದಿಬ್ಬವನ್ನು ಕತ್ತರಿಸಿಬಿಟ್ಟಿತ್ತು. ದಿಬ್ಬದ ಇನ್ನೊಂದು ಬದಿಯಲ್ಲಿ ನೋಡಿದರೆ, ಬರುವಾಗ ದೂರದ ಗೆರೆಯಂತಿದ್ದ ನೀರು ಜಾಲಿಯ ಬುಡಕ್ಕೆ ಬಂದಿತ್ತು. ಹೊನ್ನೂರಮ್ಮ ಗಂಡನಿಗೆ ಫೋನು ಹಚ್ಚಿದಳು, ಟವರ್ ಸಿಗಲಿಲ್ಲ. ಸಿಕ್ಕರೂ ಕೊಟ್ಟೂರಿನಿಂದ ಅವನು ಬರುವುದು ಯಾವಾಗ!

"ಮೊದ್ಲು ಕುರಿ ದಾಟ್ಲಿ, ಬೆನ್ನಿಗೇ ನಿಮ್ಮನ್ನ ದಾಟಸ್ತೀನಿ. ಈಗಿನ್ನಾ ತೊಡೆಮಟ್ಟ ಐತಿ," ಎಂದ ಮೈಲಾರಪ್ಪ. ದನಿ ಎಂದಿನ ಹಾಗೇ ಇತ್ತು. ಆದರೆ ರೊಟ್ಟಿಯ ಗಂಟು ಕಟ್ಟದೆ ಎದ್ದ, ಅದರಿಂದಲೇ ಆಕೆಗೆ ಗೊತ್ತಾಯಿತು.

ಹಿಂಡನ್ನು ನೀರಿನಂಚಿಗೆ ಹೊಡೆದ. ಕುರಿಗಳು ಅಂಚಿಗೆ ಬಂದು ನಿಂತುಬಿಟ್ಟವು. ಕುರಿಯ ಗುಣ ಲೋಕಕ್ಕೇ ಗೊತ್ತು, ಒಂದು ಹೋದರೆ ಎಲ್ಲವೂ ಹೋಗುತ್ತವೆ. ಮೊದಲನೆಯದು ಯಾರು ಎಂಬುದೇ ತಕರಾರು. ಹೊಡೆದರೆ ಹಿಂದಕ್ಕೆ ತಿರುಗಿದವು, ಬೈದರೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಮುದ್ದೆಯಾದವು. ಮುಂದಾಳು ಕುರಿಯೂ ಕಾಲೂರಿ ನಿಂತಿತು, ಗಂಟೆ ಕೂಡ ಅಲುಗಲಿಲ್ಲ.

ಆಗ ಮೈಲಾರಪ್ಪ ಕೃಪಾಳ ತೊಡೆಯಿಂದ ಮರಿಯನ್ನು ಎತ್ತಿಕೊಂಡ. ಹೊನ್ನೂರಮ್ಮ ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದಳು, ಹಳ್ಳ ದಾಟಿಸುವಾಗ ಕುರಿಯವರೆಲ್ಲ ಮಾಡುವುದೇ ಇದು. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವನೊಬ್ಬನೇ ನೀರಿಗಿಳಿದು, ಆಚೆ ದಡಕ್ಕೆ ಹೋಗಿ, ಅದನ್ನು ನೀರಿನ ಅಂಚಿಗೇ ನಿಲ್ಲಿಸಿ ಕಿವಿ ಚಿವುಟಿದ. ಮರಿ ಚೀರಿತು. ಇಲ್ಲಿ ಮುಂದಾಳು ಕುರಿ ಕತ್ತೆತ್ತಿತು. ನೂರು ಮರಿ ಒಟ್ಟಿಗೆ ಕೂಗಿದರೂ ತಾಯಿಗೆ ತನ್ನದರ ದನಿ ಮಾತ್ರ ಕೇಳಿಸುತ್ತದೆ. ಅವನು ಇನ್ನೊಮ್ಮೆ ಚಿವುಟಿದ. ಕುರಿ ಒಂದು ಕಾಲಿಟ್ಟು ಹಿಂತೆಗೆಯಿತು, ಮತ್ತೆ ಇಟ್ಟಿತು, ಆಮೇಲೆ ಕುತ್ತಿಗೆ ಚಾಚಿ ನೀರಿಗೆ ಬಿದ್ದೇಬಿಟ್ಟಿತು. ಅದರ ಹಿಂದೆ ಇಡೀ ಹಿಂಡು ದಬದಬನೆ ಬಿತ್ತು. ನೀರಿನ ತುಂಬ ತೇಲುವ ಮೂತಿಗಳು. ಕೃಪಾ ಚಪ್ಪಾಳೆ ತಟ್ಟಿದಳು. ಅವಳವ್ವ ಬೇರೆ ಕಡೆ ಮುಖ ತಿರುಗಿಸಿದಳು.

ಮೈಲಾರಪ್ಪ ವಾಪಸು ಬರುವಾಗ ನೀರು ಅವನ ಸೊಂಟಕ್ಕೆ ಬಂದಿತ್ತು.

"ಬಾ ಯವ್ವಾ. ನನ್ನ ಕೈ ಹಿಡ್ಕ. ಕಣ್ಣು ಮುಚ್ಕಂಡು ಬಾ," ಎಂದ.

ಹೊನ್ನೂರಮ್ಮ ಅವನ ಕೈ ಹಿಡಿದಳು. ಪಾದ ಮುಳುಗಿತು, ಮೀನಖಂಡ ಮುಳುಗಿತು, ಮೊಣಕಾಲು ಮುಳುಗಿತು. ಅಲ್ಲಿಗೆ ನೆಲ ಜಾರಿತು. ಜಾರಿದ್ದು ಎರಡು ಬೆರಳಿನಷ್ಟಿರಬಹುದು, ಆಕೆಗೆ ಭೂಮಿಯೇ ಕೆಳಗಿಳಿದಂತಾಯಿತು. ಕೂಗಿ ಅಪ್ಪನ ಕೊರಳಿಗೆ ತಬ್ಬಿಬಿದ್ದಳು. ಇಬ್ಬರೂ ಬಿದ್ದರು. ಅವನು ನೀರು ಕುಡಿದು, ಕೆಮ್ಮುತ್ತ, ಹೇಗೋ ಆಕೆಯ ರಟ್ಟೆ ಹಿಡಿದು ದಿಬ್ಬಕ್ಕೆ ಎಳೆದ. ಕೃಪಾ ಚಪ್ಪಾಳೆ ನಿಲ್ಲಿಸಿ ನೋಡುತ್ತಿದ್ದಳು.

"ಆಗಾದಿಲ್ಲ ಯಪ್ಪಾ. ನನ್ನ ಕೈಲಾಗಾದಿಲ್ಲ. ಕೂಸಿನ್ನ ಕರ್ಕಂಡು ಹೋಗು. ಊರಾಗಿಂದ ಮಂದೀನ್ನ ಕರ್ಕಂಡು ಬಾ," ಎಂದಳು ಹೊನ್ನೂರಮ್ಮ. ಹಲ್ಲು ಕಟಕಟ ಎನ್ನುತ್ತಿದ್ದವು.

ಮೈಲಾರಪ್ಪ ದಿಬ್ಬದ ಅಂಚು ನೋಡಿದ. ಬುತ್ತಿಯ ಗಂಟಿದ್ದ ಜಾಗ ಆಗಲೇ ನೀರಿನಡಿ ಹೋಗಿತ್ತು. ಮಂದಿ ಬರುವ ತನಕ ದಿಬ್ಬ ಇರುವುದಿಲ್ಲವೆಂದು ಅವನಿಗೂ ಗೊತ್ತು, ಆಕೆಗೂ ಗೊತ್ತು. ಎಳೆದುಕೊಂಡು ಹೋದರೆ ಇಬ್ಬರೂ ಮುಳುಗುವುದು ಖಂಡಿತ, ಈಗಷ್ಟೇ ನೋಡಿಯಾಗಿತ್ತು. ಅತ್ತ ದರಿ, ಇತ್ತ ಪುಲಿ. ಅವನು ಮಗಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ತನ್ನ ಕೋಲನ್ನು ಆಕೆಯ ಪಕ್ಕದ ಕೆಸರಿನಲ್ಲಿ ನೆಟ್ಟ. ಕೃಪಾಳನ್ನು ಹೆಗಲಿಗೇರಿಸಿಕೊಂಡು ನೀರಿಗಿಳಿದ.

ಹೊನ್ನೂರಮ್ಮ ನಿಂತು ನೋಡಿದಳು. ನೋಡಬಾರದೆಂದರೂ ಕಣ್ಣು ಮುಚ್ಚಲಿಲ್ಲ. ಇದೇ ನೀರು, ಇದೇ ಬಿಸಿಲು, ಹೀಗೇ ನಿಂತು ನೋಡಿದ್ದಳು ಅಂದೂ. ಅಪ್ಪನ ಎದೆ ಮುಳುಗಿತು. ಮಗಳ ಕಾಲಿನ ಗೆಜ್ಜೆ ಮುಳುಗಿತು. ನಡುವಿನಲ್ಲಿ ಅಪ್ಪ ಒಮ್ಮೆ ಓಲಾಡಿದ. ಕೊನೆಗೆ ಇಬ್ಬರೂ ಆಚೆ ದಡ ಹತ್ತಿದರು. ಮಗಳು ಉಳಿದಳು. ಹೊನ್ನೂರಮ್ಮ ಕುಸಿದು ಕೂತಳು. ನಾನು ಹೋದರೆ ಹೋಗಲಿ ಎನ್ನುವ ಒಂಥರಾ ಹಗುರ, ಅದರ ಬೆನ್ನಿಗೇ, ಹೀಗೆ ಒಬ್ಬಳೇ ಹೋಗುವುದೇ ಎಂಬ ದಿಗಿಲು, ಎರಡೂ ಒಟ್ಟಿಗೆ ಬಂದವು.

ಅಪ್ಪ ವಾಪಸು ಬರಲಿಲ್ಲ.

ಕೃಪಾಳನ್ನು ಒಂದು ಜಾಲಿಯ ಮೋಟಿನ ಹತ್ತಿರ, ನೀರಿನ ಅಂಚಿಗೇ ನಿಲ್ಲಿಸಿದ್ದ. ಅವಳ ಮೇಲೆ ಬಗ್ಗಿ ಏನೋ ಮಾಡುತ್ತಿದ್ದ, ಇಲ್ಲಿಂದ ಕಾಣಲಿಲ್ಲ. ಆಮೇಲೆ ಎದ್ದು, ತಿರುಗಿ ನೋಡದೆ ಕುರಿಗಳ ಕಡೆ ನಡೆದ. ಕೃಪಾ ಒಮ್ಮೆಲೇ ಕಿಟಾರನೆ ಕಿರುಚಿದಳು.

"ಯಪ್ಪಾ! ಎಲ್ಲಿಗೆ ಹೊಂಟೀ? ಕೂಸು ನೀರಿನ ಹತ್ರ ಐತಿ! ಹಿಡ್ಕಾ ಅದನ್ನ!" ಎಂದು ಹೊನ್ನೂರಮ್ಮ ಕೂಗಿದಳು.

ಮೈಲಾರಪ್ಪನಿಗೆ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ. ಅವನು ತಿರುಗಲಿಲ್ಲ. ಕೃಪಾ ಎರಡೂ ಕೈ ಚಾಚಿ ಅಳುತ್ತಿದ್ದಳು. ಶಾಲೆಗೆ ಸೇರಿದಾಗಿನಿಂದ ಮಮ್ಮಿ ಎಂದಲ್ಲದೆ ಬೇರೆ ಕರೆಯದವಳು ಈಗ "ಯವ್ವಾ! ಯವ್ವಾ!" ಎನ್ನುತ್ತಿದ್ದಳು. ನೀರಿನ ಕಡೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು.

ಹೊನ್ನೂರಮ್ಮ ಕೋಲು ಕಿತ್ತುಕೊಂಡದ್ದು ಯಾವಾಗ, ನೀರಿಗಿಳಿದದ್ದು ಯಾವಾಗ, ಆಕೆಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಸೊಂಟದ ತನಕ ಇದ್ದಳು. ಭಯ ಹೋಗಿರಲಿಲ್ಲ. ಹೋಯಿತೆಂದು ಯಾರಾದರೂ ಹೇಳಿದರೆ ಸುಳ್ಳು. ಮೈಯ ಒಂದೊಂದು ಕೂದಲೂ ಹಿಂದಕ್ಕೆ ಹೋಗು ಎನ್ನುತ್ತಿತ್ತು, ಕಾಲುಗಳು ಮಾತ್ರ ಆ ಅಳುವಿನ ಕಡೆಗೇ ಹೋಗುತ್ತಿದ್ದವು. ಕೋಲು ಊರಿದಳು, ಹೆಜ್ಜೆ ಇಟ್ಟಳು. ನೀರು ಎದೆಗೆ ಬಂತು, ಕೊರಳಿಗೆ ಬಂತು. ಸೀರೆ ಕಾಲಿಗೆ ಸುತ್ತಿಕೊಂಡಿತು. ನಡುವಿನಲ್ಲಿ ಕೋಲು ಜಾರಿತು, ತಲೆ ಒಳಗೆ ಹೋಯಿತು.

ಒಳಗೆ ಎಲ್ಲ ಹಳದಿಯಾಗಿತ್ತು. ಸದ್ದಿಲ್ಲ. ತನ್ನ ಮೇಲೆ ನೀರು ಮುಚ್ಚಿಕೊಂಡಿತೆಂದು, ಮೇಲೆ ಬಿಸಿಲಿಗೆ ಹೊಳೆಯುತ್ತಿರಬಹುದೆಂದು ಆಕೆಗೆ ತಿಳಿಯಿತು. ಬೀರ್ಯಾ, ನಿನಗೂ ಹೀಗೇ ಆಯಿತೇನೋ ಎಂದುಕೊಂಡಳು. ಅವನಿಗೆ ಆಚೆ ಕಡೆ ಕರೆಯುವವರು ಯಾರೂ ಇರಲಿಲ್ಲ. ಕಾಲು ಎಲ್ಲೋ ನೆಲಕ್ಕೆ ತಾಗಿತು, ಒದ್ದಳು. ತಲೆ ಮೇಲೆ ಬಂದಾಗ ಮೂಗಿನ ತುಂಬ ನೀರು, ಕಣ್ಣಿಗೆ ಏನೂ ಕಾಣದು, ದಡ ಯಾವ ಕಡೆಗೆಂದು ತಿಳಿಯದು. ಮೊದಲು ಬಂದದ್ದು ಕಿವಿಗೆ, ಮಗಳ ಅಳು. ಅದು ಬಂದ ಕಡೆಗೆ ಕೈ ಬಡಿದಳು. ಕೊರಳಿನ ನೀರು ಎದೆಗಿಳಿಯಿತು, ಎದೆಯದು ಸೊಂಟಕ್ಕಿಳಿಯಿತು. ಕೊನೆಗೆ ನಾಲ್ಕು ಕಾಲಿನಲ್ಲಿ ಅಂಬೆಗಾಲಿಟ್ಟು ದಡಕ್ಕೆ ಬಂದು ಮಗಳನ್ನು ಅವುಚಿಕೊಂಡಳು.

ಅಪ್ಪ ಆಗಲೇ ಓಡಿಬಂದು ತೊಡೆಮಟ್ಟದ ನೀರಿನಲ್ಲಿ ನಿಂತಿದ್ದ. ಆಕೆ ಮುಳುಗಿದ್ದನ್ನು ಕಂಡವನು ಎಲ್ಲವನ್ನೂ ಬಿಟ್ಟು ನುಗ್ಗಿದ್ದ. ಹೊನ್ನೂರಮ್ಮ ಎದ್ದವಳೇ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಕೂಸಿನ್ನ ನೀರಿಗೆ ಬಿಟ್ಟು ಹೊಂಟಿದ್ದೇನು? ನೀ ಅಪ್ಪ ಏನು ನೀನು? ಆ ಕಡಿ ಮಾರಿ ಮಾಡ್ಕಂಡು ಹೊಂಟಿದ್ದಿಯಲ್ಲ!"

ಅವನು ಹೊಡೆಸಿಕೊಂಡ. ಮರಿಯನ್ನು ದಾಟಿಸಿದಾಗಲೇ ದಡದಲ್ಲಿ ಬಿಟ್ಟಿದ್ದ ಕಂಬಳಿ ಬಿಡಿಸಿ ಆಕೆಗೂ ಮೊಮ್ಮಗಳಿಗೂ ಸೇರಿಸಿ ಹೊದಿಸಿದ. ಆಗ ಅವನ ಬರಿತಲೆ ಕಂಡಿತು. ಬೋಳಾಗಿ, ಬೆಳ್ಳಗೆ, ಬಿಸಿಲನ್ನೇ ಕಾಣದ ತಲೆ. ರುಮಾಲು ಎಲ್ಲಿ ಎಂದು ನೋಡಿದರೆ, ಅದರ ಒಂದು ತುದಿ ಜಾಲಿಯ ಮೋಟಿಗೆ ಬಿಗಿದಿತ್ತು, ಇನ್ನೊಂದು ತುದಿ ಕೃಪಾಳ ನಡುವಿಗೆ. ಅವಳು ನೀರಿನ ಕಡೆ ಎರಡು ಹೆಜ್ಜೆಗಿಂತ ಹೆಚ್ಚು ಹೋಗುವಂತೆಯೇ ಇರಲಿಲ್ಲ.

"ತಾತ ಚಿವುಟಿದ, ಮಮ್ಮಿ," ಎಂದಳು ಕೃಪಾ ಬಿಕ್ಕುತ್ತ. ರಟ್ಟೆ ತೋರಿಸಿದಳು. ಎರಡು ಬೆರಳಿನ ಗುರುತು ಕೆಂಪಗೆ ಬಾತಿತ್ತು.

ಹೊನ್ನೂರಮ್ಮ ಅಪ್ಪನ ಮುಖ ನೋಡಿದಳು. ಈ ಮೊಮ್ಮಗಳ ಮೇಲೆ ನೊಣ ಕೂತರೂ ಸಹಿಸದವನು.

"ಚಿವುಟಿದೆ," ಎಂದ ಮೈಲಾರಪ್ಪ. "ಜೋರಾಗೇ ಚಿವುಟಿದೆ. ಅಳು ಸಣ್ಣದಾಗಿದ್ರ ನೀ ಬರ್ತಿದ್ದಿಲ್ಲ. ನಾ ಮುಂದ ನಿಂತು ನೋಡಿದ್ರ, ಅಪ್ಪ ಅದಾನಲ್ಲ, ಹಿಡ್ಕಂತಾನ ಅಂತ ಅಲ್ಲೇ ಕುಂದ್ರುತಿದ್ದಿ. ಅದಕ್ಕ ಮಾರಿ ತಿರುವಿದೆ." ಮೂಗು ಒರೆಸಿಕೊಂಡ. "ಒಂದು ಕೂಸು ಕೊಟ್ಟೀನಿ ಯವ್ವಾ, ಈ ನೀರಿಗೆ. ಅದಕ್ಕಿಂತ ಹೆಚ್ಚು ಕೊಡಾಕ ನನ್ನ ಕೈಲಿ ಆಗಾದಿಲ್ಲ."

ಆಕೆ ಅವನ ಕೈ ಹಿಡಿದುಕೊಂಡಳು. ಮೂವರೂ ಹಾಗೇ ಕೂತರು. ಎದುರಿಗೆ ಮುಂದಾಳು ಕುರಿಯ ಮರಿ ತೊಯ್ದ ತಾಯಿಯ ಮೈಗೆ ಒತ್ತಿ ತಾನೂ ತೊಯ್ದು ಮುದ್ದೆಯಾಗಿ ನಿಂತಿತ್ತು. ಇದ್ದಕ್ಕಿದ್ದಂತೆ ಅದು ಮೂಗಿನಿಂದ ಬಾಲದ ತನಕ ಮೈ ಝಾಡಿಸಿತು. ಹೊನ್ನೂರಮ್ಮನ ಕತ್ತು ತಣ್ಣಗಾಯಿತು, ಕಣ್ಣು ತಾವಾಗಿ ಮುಚ್ಚಿಕೊಂಡವು. ಹಳೆಯ ಅಭ್ಯಾಸ, ಕತ್ತಿಗಾಗಿ ಕಾದಳು. ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಮರಿ ತಾಯಿಯ ಹೊಟ್ಟೆಯ ಕೆಳಗೆ ಮೊಣಕಾಲೂರಿ ಮೊಲೆಗೆ ಗುದ್ದುತ್ತಿತ್ತು, ಬಾಲ ಒಂದೇ ಸಮನೆ ಅಲ್ಲಾಡುತ್ತಿತ್ತು.

ಇಷ್ಟು ವರ್ಷ ಆಕೆ ಆ ಹೆಸರು ಕೇಳಿದಾಗಲೆಲ್ಲ ಮರಿಯನ್ನು ಕಂಡದ್ದು ಕತ್ತಿಯ ಕೆಳಗೆ. ಬೇರೆ ಕಡೆ ನಿಂತ ಮರಿಯೂ ಇರುತ್ತದೆಂದು ಕುರುಬರ ಮನೆಯ ಮಗಳಾಗಿಯೂ ಆಕೆಗೆ ಹೊಳೆದಿರಲಿಲ್ಲ. ಹಿಂಡು ಹೆದರಿ ನಿಂತಾಗ ಎಲ್ಲರಿಗಿಂತ ಮೊದಲು ಒಂಟಿಯಾಗಿ ನೀರು ದಾಟಿದ್ದು, ದಾಟಿ ನೋವಿನಿಂದ ಕೂಗಿದ್ದು, ಅದರ ಕೂಗು ಕೇಳಿ ಉಳಿದವು ಬದುಕಿದ್ದು. ಅದೂ ಮರಿಯೇ. ಪಾಸ್ಟರು ಇದನ್ನು ಒಪ್ಪುತ್ತಾರೋ ಇಲ್ಲವೋ, ಅವರಿಗೆ ಬಿಟ್ಟದ್ದು. ಆಕೆಗೆ ಆ ಹೆಸರು ಮೊದಲ ಸಲ ತನ್ನನ್ನೇ ಕರೆದಂತೆ ಕೇಳಿಸಿತು, ಅಳು ಬಂತು, ಅತ್ತಳು.

ಅತ್ತು ಮುಗಿದ ಮೇಲೆ, ಬೆಳಗಿನಿಂದ ಹೇಳದೆ ಉಳಿದದ್ದನ್ನು ಹೇಳಿದಳು: "ಯಪ್ಪಾ, ಬರೋ ಐತ್ವಾರ ನಾ ಹೊಳ್ಯಾಗ ಮುಳುಗಬೇಕು. ಅವರ ಸಭಿಗೆ ಸೇರಾಕ. ಅದನ್ನ ಹೇಳಾಕ ಬಂದಿದ್ದೆ."

ಮೈಲಾರಪ್ಪ ಕೃಪಾಳ ನಡುವಿನಿಂದ ರುಮಾಲಿನ ಗಂಟು ಬಿಚ್ಚಿದ. ಅವನಿಗೆ ನೋವಾಗಿದೆಯೆಂದು ಆಕೆಗೆ ಕಂಡಿತು, ಅದನ್ನು ಅವನೂ ಮುಚ್ಚಿಡಲಿಲ್ಲ.

"ಅಲ್ಲಿ ಆಚಿ ದಂಡಿಗೆ ಯಾರು ನಿಂತಿರ್ತಾರ ನಿನ್ನ ಕರಿಯಾಕ?" ಎಂದು ಕೊನೆಗೆ ಕೇಳಿದ.

"ಒಂದು ಮರಿ ಐತಂತ ಯಪ್ಪಾ. ಆಗ್ಲೇ ದಾಟೇತಂತ," ಎಂದಳು ಹೊನ್ನೂರಮ್ಮ.

ಅವನು ಅದನ್ನು ಮನಸ್ಸಿನಲ್ಲಿ ತಿರುವಿ ನೋಡಿದ. ಕುರಿಯವನಿಗೆ ಬರುವ ಪ್ರಶ್ನೆ ಒಂದೇ.

"ಅದನ್ನ ಚಿವುಟಿದೋರು ಯಾರು?"

ಹೊನ್ನೂರಮ್ಮ ಮಗಳ ರಟ್ಟೆಯ ಕೆಂಪು ಗುರುತು ನೋಡಿದಳು. ಆಮೇಲೆ ಅಪ್ಪನ ಚಿವುಟಿದ ಬೆರಳುಗಳನ್ನು, ಆ ಬೆಳ್ಳನೆಯ ಬರಿತಲೆಯನ್ನು ನೋಡಿದಳು.

"ಅದರಪ್ಪನೇ ಇರ್ಬೇಕು," ಎಂದಳು.

ಮೈಲಾರಪ್ಪ ಒದ್ದೆ ರುಮಾಲನ್ನು ಹಿಂಡಿ, ಝಾಡಿಸಿ, ತಲೆಗೆ ಸುತ್ತತೊಡಗಿದ. ಸುತ್ತು ಸರಿಯಾಗಿ ಕೂರಲಿಲ್ಲ, ಬಿಚ್ಚಿ ಮತ್ತೆ ಸುತ್ತಿದ. ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಐತ್ವಾರ ನಾನೂ ಬರ್ತೀನಿ," ಎಂದ. "ದಂಡಿಗೆ ನಿಂದ್ರತೀನಿ."

ಹೊನ್ನೂರಮ್ಮ ಹಿಂತಿರುಗಿ ನೋಡಿದಳು. ದಿಬ್ಬವಿದ್ದ ಜಾಗದಲ್ಲಿ ಜಾಲಿಯ ನಾಲ್ಕು ತುದಿಗಳಷ್ಟೇ ಉಳಿದಿದ್ದವು, ಸುತ್ತ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಆಕೆಗೆ ಈಗಲೂ ಭಯವಾಯಿತು. ಕಂಬಳಿಯೊಳಗೆ ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಊರಿನ ಕಡೆ ನಡೆದಳು.